ಹನ್ನೊಂದನೆಯದು ಯಾರ ಕೈ

ಖಾಜಾ ಪೀರ್ ಬಹಳ ಒಳ್ಳೆಯ ಮನುಷ್ಯ ಎಂದು ಯಾರಾದರೂ ನಿಮಗೆ ಹೇಳಿದರೆ, ಅವರು ಅವನ ಹತ್ತಿರ ಒಮ್ಮೆಯೂ ಬೈಕು ರಿಪೇರಿ ಮಾಡಿಸಿದವರಲ್ಲ ಎಂದು ತಿಳಿಯಿರಿ. ಭದ್ರಾವತಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನಲವತ್ತು ವರ್ಷದಿಂದ ಅವನ ಗ್ಯಾರೇಜಿದೆ. ಎರಡು ಸೈಲೆನ್ಸರಿನ ಹಳೇ ಬೈಕುಗಳ ವಿಷಯದಲ್ಲಿ ಅವನನ್ನು ಮೀರಿಸುವವರು ಜಿಲ್ಲೆಯಲ್ಲಿಲ್ಲ, ಬೈಗುಳದ ವಿಷಯದಲ್ಲೂ ಇಲ್ಲ. ಗಾಡಿ ತಂದವನನ್ನು ಮೊದಲು ಬೈಯುತ್ತಾನೆ, ಆಮೇಲೆ ಗಾಡಿಯನ್ನು ನೋಡುತ್ತಾನೆ. ಒಣಗಿದ ಚೈನು ಕಂಡರೆ "ನಿನ್ನ ತಲೆಗಾದ್ರೂ ಎಣ್ಣೆ ಹಚ್ಕೊಂಡಿದೀಯೇನಯ್ಯಾ?" ಎಂದು ಬೀದಿಗೆಲ್ಲ ಕೇಳುವಂತೆ ಕೇಳುತ್ತಾನೆ. ವಯಸ್ಸು ಅರವತ್ತಾರು. ಮನೆ ಶಿವಮೊಗ್ಗದ ಗೋಪಾಳದಲ್ಲಿ. ಬೆಳಿಗ್ಗೆ ಬಸ್ಸು ಹಿಡಿದು ಭದ್ರಾವತಿಗೆ ಹೋಗುತ್ತಾನೆ, ಸಂಜೆ ಕಂಡಕ್ಟರನ ಜೊತೆ ಕಿತ್ತಾಡುತ್ತಲೇ ವಾಪಸು ಬರುತ್ತಾನೆ. ಹೆಂಡತಿ ರೋಶನ್ ಬೀ ಅವನ ಬಾಯಿಗೆ ಹೆದರುವ ಕಾಲ ಮುಗಿದು ಎಷ್ಟೋ ವರ್ಷವಾಗಿದೆ.

ಆದರೆ ಒಂದು ವಿಷಯದಲ್ಲಿ ಅವನ ನಿಯತ್ತನ್ನು ಬೀದಿಯೇ ಒಪ್ಪುತ್ತಿತ್ತು. ಗ್ಯಾರೇಜಿನವರ ಬಾಯಲ್ಲಿ 'ಕೈ' ಎಂದರೆ ಒಬ್ಬನು ತಾನೇ ಕಂಡುಕೊಂಡ ಕೆಲಸದ ಯುಕ್ತಿ. ಖಾಜಾ ಪೀರ್ ಕೆಲಸ ಕಲಿತದ್ದು ಮುಸ್ತಕೀಮ್ ಉಸ್ತಾದರ ಬಳಿ. ಅಲ್ಲಿ ಒಂದು ಕಟ್ಟುನಿಟ್ಟಿತ್ತು. ಯಾವ ಯುಕ್ತಿಯನ್ನು ಇನ್ನೊಬ್ಬನಿಗೆ ಹೇಳಿಕೊಟ್ಟರೂ ಅದು ಯಾರ ಕೈ ಎಂದು ಮೊದಲು ಹೇಳಬೇಕು, ಆಮೇಲೆ ಸ್ಪಾನರ್ ಎತ್ತಬೇಕು. ಹೇಳದೆ ಎತ್ತಿದರೆ ಉಸ್ತಾದರು ಆ ದಿನ ಮಾತಾಡುತ್ತಿರಲಿಲ್ಲ. ಖಾಜಾ ಪೀರ್ ತನ್ನ ಗ್ಯಾರೇಜಿನಲ್ಲೂ ಅದನ್ನೇ ನಡೆಸಿದ. ಬೀಡಿ ಕಟ್ಟಿನ ತೆಳು ಕಾಗದ ಸಿಕ್ಕಿಸಿ ಇಂಜಿನ್ನಿಗೆ ಕಿಡಿ ಕೊಡುವ ಪಾಯಿಂಟಿನ ಸಂದು ಹೊಂದಿಸುವುದು ಮುಸ್ತಕೀಮ್ ಉಸ್ತಾದರ ಕೈ. ಸೈಕಲ್ಲಿನ ಕಡ್ಡಿಗೆ ಗುರುತು ಹಾಕಿ ಪಿಸ್ಟನ್ ಎಲ್ಲಿದೆಯೆಂದು ಅಳೆಯುವುದು ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದ ತಮಿಳಿನವನಾದ ಯುವರಾಜ್ ಎಂಬವನ ಕೈ. ಯುವರಾಜ್ ಸತ್ತು ಇಪ್ಪತ್ತು ವರ್ಷವಾದರೂ ಕಡ್ಡಿ ಎತ್ತುವ ಮುಂಚೆ ಖಾಜಾ ಪೀರ್ ಅವನ ಹೆಸರು ಹೇಳದೆ ಇರುತ್ತಿರಲಿಲ್ಲ.

ಈ ಮನುಷ್ಯನಿಗೂ ಅಮೆರಿಕಕ್ಕೂ ಗಂಟುಬಿದ್ದದ್ದು ಮಗಳು ಇರಂಳ ದೆಸೆಯಿಂದ. ಆಕೆ ಒಂದು ಭಾನುವಾರ ಗ್ಯಾರೇಜಿಗೆ ಬಂದವಳು ಅಪ್ಪ ಬೈಯುತ್ತ ಇಂಜಿನ್ ಬಿಚ್ಚುವುದನ್ನು, ಸೊಟ್ಟ ಲಿವರ್ ನೆಟ್ಟಗೆ ಮಾಡುವುದನ್ನು ಫೋನಿನಲ್ಲಿ ಹಿಡಿದು, ಕೆಳಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ಇಂಟರ್ನೆಟ್ಟಿಗೆ ಹಾಕಿದಳು. ಆ ಹಳೇ ಬೈಕುಗಳನ್ನು ಇಟ್ಟುಕೊಂಡು ಒದ್ದಾಡುವ ಜನ ಅಮೆರಿಕದಲ್ಲೂ ಇದ್ದರು. ಅಲ್ಲಿನ ಓಹಾಯೋ ರಾಜ್ಯದಲ್ಲಿ ಅವುಗಳ ಬಿಡಿಭಾಗ ಮಾರುವ ಒಬ್ಬ, ಈ ಯುಕ್ತಿಗಳನ್ನೆಲ್ಲ ಒಂದು ಚಿಕ್ಕ ಪುಸ್ತಕ ಮಾಡಿಕೊಟ್ಟರೆ ತಾನು ಅಚ್ಚು ಹಾಕಿಸುತ್ತೇನೆ ಎಂದು ಬರೆದ. ಖಾಜಾ ಪೀರ್ ಮೊದಲು "ಅವನಿಗೇನು ತಲೆ ಕೆಟ್ಟಿದೆಯಾ" ಎಂದ. ಮಾರನೆಯ ದಿನ ಇನ್ನೂರು ಪುಟದ ನೋಟ್‌ಬುಕ್ ಕೊಂಡ. ಏಳನೇ ಕ್ಲಾಸಿನವರೆಗೆ ಓದಿದ ಕನ್ನಡದಲ್ಲಿ, ಮಧ್ಯಾಹ್ನ ಊಟವಾದ ಮೇಲೆ ಕೂತು, ಆರು ತಿಂಗಳಲ್ಲಿ ಇಪ್ಪತ್ತನಾಲ್ಕು ಕೈಗಳನ್ನು ಬರೆದ. ಒಂದೊಂದರ ಮೊದಲ ಸಾಲೂ "ಇದು ಇಂಥವರ ಕೈ" ಎಂದೇ ಶುರುವಾಗುತ್ತಿತ್ತು, ಒಂದನ್ನು ಬಿಟ್ಟು.

ಅದನ್ನು ಇಂಗ್ಲಿಷಿಗೆ ತಿರುಗಿಸಿ ಅಮೆರಿಕದವರು ಓದುವ ಹಾಗೆ ಮಾಡಲು ಸಿಕ್ಕವಳು ಶಿವಮೊಗ್ಗದಲ್ಲೇ ವಿದ್ಯಾನಗರದ ಸ್ಫೂರ್ತಿ. ಹೊರದೇಶದ ಕಂಪನಿಗಳಿಗೆ ಮನೆಯಲ್ಲೇ ಕೂತು ಬರೆದುಕೊಡುವುದು ಅವಳ ಕೆಲಸ. ಅವಳ ತಂದೆ ಉಜ್ಜನಪ್ಪ ಖಾಜಾ ಪೀರನ ಹಳೇ ಗಿರಾಕಿ, ಮೂವತ್ತು ವರ್ಷ ಬೈಸಿಕೊಂಡವರು. "ನನ್ನ ಮಗಳ ಹತ್ರ ಆ ಬಾಯಿ ನಡಿಯಲ್ಲ ನೋಡಿ ಸಾಬ್ರೇ" ಎಂದು ಮೊದಲೇ ಹೇಳಿದ್ದರು. ಸುಳ್ಳಲ್ಲ. ಸ್ಫೂರ್ತಿಗೆ ಮೂವತ್ತೈದಿರಬಹುದು. ಮಾತು ಮೆತ್ತಗೆ, ಪಟ್ಟು ಕಬ್ಬಿಣ. ಮೊದಲ ವಾರದಿಂದಲೇ ಇಬ್ಬರಿಗೂ ಎಣ್ಣೆ ಸೀಗೆಕಾಯಿ.

"ಒಂದು ಬೀಡಿ ಸೇದೋಷ್ಟು ಹೊತ್ತು ಕಾಯಿಸಿ ಅಂತ ಬರೆದಿದೀರ" ಎಂದಳು. "ಐದು ನಿಮಿಷ ಅಂತ ಹಾಕಿದೀನಿ."

"ಐದು ನಿಮಿಷ ಬರೋ ಬೀಡಿ ಎಲ್ಲಿ ಸಿಗುತ್ತೆ ಹೇಳಮ್ಮ, ನಾನೂ ತಗೋತೀನಿ."

"ಅಮೆರಿಕದಲ್ಲಿ ಬೀಡಿ ಸೇದಲ್ಲ ಸಾಬ್ರೇ. ಅವರಿಗೆ ಗಡಿಯಾರದ ಲೆಕ್ಕ ಬೇಕು."

ಇನ್ನೊಂದು ಸಲ "ಕತ್ತೆಯಂಥವರು ಇಲ್ಲಿ ಸುತ್ತಿಗೆ ಎತ್ತುತ್ತಾರೆ" ಎಂಬ ಸಾಲನ್ನು ಹೊಡೆದುಹಾಕಿ "ಸುತ್ತಿಗೆ ಬಳಸಬೇಡಿ" ಎಂದು ಮಾಡಿದ್ದಳು. ದುಡ್ಡು ಕೊಟ್ಟು ಪುಸ್ತಕ ಕೊಂಡವನನ್ನು ಬೈಯಬಾರದಂತೆ. ಬೈಯದೆ ಹೇಳಿದ್ದು ಯಾರ ತಲೆಯಲ್ಲಿ ನಿಲ್ಲುತ್ತೆ ಎಂದು ಅವನು ಕೇಳಿದ. "ಕೈ ಸುಟ್ಟರೆ ಸುಟ್ಟಿತು, ಇನ್ನೊಮ್ಮೆ ಮುಟ್ಟುವುದಿಲ್ಲ" ಎಂದಿದ್ದ ಕಡೆ ಗ್ಲೌಸ್ ಹಾಕಿಕೊಳ್ಳಿ, ಕನ್ನಡಕ ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ ಎಂದು ಮೂರು ಸಾಲು ಬಂದಿತ್ತು. ಅಲ್ಲಿ ಯಾರಿಗಾದರೂ ಕೈ ಸುಟ್ಟರೆ ಅವರು ನೆಟ್ಟಗೆ ಕೋರ್ಟಿಗೆ ಹೋಗುತ್ತಾರೆ ಎಂದಳು ಸ್ಫೂರ್ತಿ. ಪೆಟ್ರೋಲನ್ನು ಅಮೆರಿಕದವರ ಮಾತಿನಂತೆ ಗ್ಯಾಸ್ ಎಂದು ಮಾಡಿದ್ದಕ್ಕಂತೂ ಅವನು ಅರ್ಧ ಗಂಟೆ ಕೂಗಾಡಿದ. ಗ್ಯಾಸ್ ಒಲೆಗೆ ಬರುವುದು, ಬೈಕಿಗೆ ಹಾಕಿದರೆ ಮನೆ ಹಾರಿಹೋಗುತ್ತದೆ ಎಂದ. ಅವಳು ಕೂಗಾಡಲಿಲ್ಲ, ಬದಲಿಸಲೂ ಇಲ್ಲ. ಉಜ್ಜನಪ್ಪ ಒಳಗಿನ ಕೋಣೆಯಲ್ಲಿ ಪೇಪರ್ ಅಡ್ಡ ಹಿಡಿದು ನಗುತ್ತಿದ್ದರು. ತನ್ನ ಗ್ಯಾರೇಜಿನಲ್ಲಿ ಎದುರು ಮಾತು ಕೇಳಿ ಗೊತ್ತಿಲ್ಲದ ಖಾಜಾ ಪೀರನಿಗೆ ಆ ಮನೆಯ ಗೇಟು ಕಂಡರೇ ಮೈ ಉರಿಯತೊಡಗಿತು.

ಇಷ್ಟನ್ನೂ ಅವನು ಹಲ್ಲು ಕಚ್ಚಿ ನುಂಗಿದ. ನುಂಗಲಾಗದ್ದು ಸಿಕ್ಕಿದ್ದು ಅರ್ಧ ಪುಸ್ತಕ ಮುಗಿದ ಮೇಲೆ. ಒಂದು ಸಂಜೆ ಗೋಪಾಳದ ಮನೆಯಲ್ಲಿ ಇರಂ ಆ ಇಂಗ್ಲಿಷ್ ಹಾಳೆಗಳನ್ನು ಓದಿ ಅಪ್ಪನಿಗೆ ಅರ್ಥ ಹೇಳುತ್ತಿದ್ದಳು. ಎರಡು ಕೈ ಮುಗಿಯಿತು, ಮೂರು ಮುಗಿಯಿತು.

"ಉಸ್ತಾದ್ರ ಹೆಸರು ಓದು" ಎಂದ.

"ಇದ್ರಲ್ಲಿ ಇಲ್ಲ ಅಬ್ಬಾ."

"ಸರಿಯಾಗಿ ನೋಡು."

ಇರಂ ಹನ್ನೆರಡೂ ನೋಡಿದಳು. ಮುಸ್ತಕೀಮ್ ಇರಲಿಲ್ಲ, ಯುವರಾಜ್ ಇರಲಿಲ್ಲ, ಯಾರೊಬ್ಬರೂ ಇರಲಿಲ್ಲ. ಹೊರಗಿನ ಹಾಳೆಯ ಮೇಲೆ ಮಾತ್ರ ದೊಡ್ಡ ಅಕ್ಷರದಲ್ಲಿ ಖಾಜಾ ಪೀರ್ ಎಂದಿತ್ತು. ರೋಶನ್ ಬೀ ಅಡಿಗೆಮನೆಯಿಂದ ಬಗ್ಗಿ ನೋಡಿ, "ಅಜೀ, ಬಿಪಿ ಮಾತ್ರೆ ತಗೊಂಡ್ರಾ?" ಎಂದು ಕೇಳಿದಳು. ಅವನು ಚಪ್ಪಲಿ ಮೆಟ್ಟಿ ಆಟೋ ಹತ್ತಿದ.

ವಿದ್ಯಾನಗರದಲ್ಲಿ ಅಂದು ನಡೆದ ಜಗಳ ಪಕ್ಕದ ಮೂರು ಮನೆಗಳಿಗೆ ಕೇಳಿಸಿತು. "ಯಾರನ್ನ ಕೇಳಿ ತೆಗೆದೆ?" ಎಂದು ಅವನು ಹಾಳೆಗಳನ್ನು ಮೇಜಿನ ಮೇಲೆ ಎಸೆದ. ಸ್ಫೂರ್ತಿಯೂ ಅಂದು ಎದ್ದು ನಿಂತಳು. "ಸಾಬ್ರೇ, ಅಲ್ಲಿ ಓದೋನಿಗೆ ಮುಸ್ತಕೀಮ್ ಯಾರು, ಯುವರಾಜ್ ಯಾರು ಏನೂ ಗೊತ್ತಿಲ್ಲ. ಅವನಿಗೆ ತನ್ನ ಗಾಡಿ ಸ್ಟಾರ್ಟ್ ಆಗ್ಬೇಕು ಅಷ್ಟೇ. ಒಬ್ಬ ತಿಳಿದೋನು ಎದುರಿಗೆ ಕೂತು 'ನೀನು ಹೀಗೆ ಮಾಡು' ಅಂತ ಹೇಳ್ಬೇಕು. ಹೆಜ್ಜೆ ಹೆಜ್ಜೆಗೂ ಅವರ ಕೈ ಇವರ ಕೈ ಅಂದ್ರೆ, ಇವನಿಗೆ ಸ್ವಂತ ಏನೂ ಗೊತ್ತಿಲ್ಲ ಅಂದ್ಕೋತಾನೆ."

"ಹೆಸರು ಹೇಳ್ದೆ ಮಾಡಿದ್ರೆ ಅದಕ್ಕೆ ಕಳ್ಳತನ ಅಂತಾರೆ ನಮ್ಮಲ್ಲಿ!"

"ಅಮೆರಿಕದಲ್ಲಿ ಅನ್ನಲ್ಲ."

"ನಾನು ಅಮೆರಿಕದಲ್ಲಿ ಇದೀನಾ ಮಾರಾಯ್ತಿ? ಸತ್ತ ಮೇಲೆ ಉಸ್ತಾದ್ರಿಗೆ ಮುಖ ತೋರಿಸ್ಬೇಕಾದೋನು ನಾನು. ಹೆಸರು ಇಲ್ದೆ ಪುಸ್ತಕ ಇಲ್ಲ. ಬರೀ ಆ ಓಹಾಯೋದೋನಿಗೆ, ಇವತ್ತೇ ಬರೀ."

ಬರೆಯುತ್ತೇನೆ, ಅವನು ಬೇಡ ಅಂದರೆ ನನ್ನ ಹತ್ತಿರ ಬಂದು ಕೂಗಾಡಬೇಡಿ ಎಂದಳು. ಖಾಜಾ ಪೀರ್ ಮೆಟ್ಟಿಲಿಳಿಯುವಾಗ ಎದೆ ಉಬ್ಬಿತ್ತು. ತಾನು ಉಸ್ತಾದರ ಪರವಾಗಿ ಅಮೆರಿಕದ ಮೇಲೆ ಯುದ್ಧಕ್ಕೆ ಹೋದವನೆಂಬ ಭಾವನೆ ಅವನಿಗೆ. ಮರುದಿನ ಗ್ಯಾರೇಜಿನಲ್ಲೂ ಬಂದವರಿಗೆಲ್ಲ ಇದನ್ನೇ ಹೇಳಿದ. ಕೇಳಿದವರು ತಲೆಯಾಡಿಸಿದರು, ಯಾಕೋ ಯಾರೂ ಹೆಚ್ಚು ಮಾತಾಡಲಿಲ್ಲ.

ವಾರದ ಮೇಲೆ ಓಹಾಯೋದಿಂದ ಉತ್ತರ ಬಂತು. ಸ್ಫೂರ್ತಿ ಫೋನ್ ಮಾಡಿ, ಸೋತವಳ ದನಿಯಲ್ಲಿ, ಓದಿ ಹೇಳಿದಳು. ಆ ಮನುಷ್ಯನಿಗೆ ಹೆಸರಿನ ವಿಷಯ ಬಹಳ ಹಿಡಿಸಿದೆಯಂತೆ. ಇಂಥದ್ದನ್ನು ತಾನು ಯಾವ ರಿಪೇರಿ ಪುಸ್ತಕದಲ್ಲೂ ಕಂಡಿಲ್ಲವಂತೆ. ಎಲ್ಲ ಹೆಸರೂ ಇರಲಿ, ಜೊತೆಗೆ ಒಬ್ಬೊಬ್ಬರು ಯಾರು ಎಂದು ಒಂದೆರಡು ಸಾಲೂ ಇರಲಿ, ಹೆಸರಿಲ್ಲದ ಒಂದು ಪುಟವೂ ಇರಬಾರದು ಎಂದು ಬರೆದಿದ್ದನಂತೆ.

"ಗೆದ್ರಿ ನೀವು" ಎಂದಳು. "ಎಲ್ಲಾ ವಾಪಸ್ ಹಾಕಿದೀನಿ. ಒಂದೇ ಒಂದು ಬಾಕಿ. ಹನ್ನೊಂದನೇದು ಯಾರ ಕೈ? ಸೋಪಿಂದು. ನೋಟ್‌ಬುಕ್ಕಲ್ಲೂ ಹೆಸರಿಲ್ಲ."

ಖಾಜಾ ಪೀರ್ "ಗಿರಾಕಿ ಬಂದಿದಾರೆ" ಎಂದು ಫೋನ್ ಇಟ್ಟ. ಗ್ಯಾರೇಜಿನಲ್ಲಿ ಯಾರೂ ಇರಲಿಲ್ಲ.

ಹನ್ನೊಂದನೆಯದು ಅವನಿಗೆ ಹೆಸರು ತಂದ ಕೈ. ಬೈಕು ಬಿದ್ದರೆ ಹ್ಯಾಂಡಲಿನ ಅಲ್ಯೂಮಿನಿಯಂ ಬ್ರೇಕ್ ಲಿವರ್ ಸೊಟ್ಟಗಾಗುತ್ತದೆ. ತಣ್ಣಗಿದ್ದಾಗ ನೆಟ್ಟಗೆ ಮಾಡಲು ಹೋದರೆ ಪಟ್ಟೆಂದು ಮುರಿಯುತ್ತದೆ. ಕಾಯಿಸಿದರೆ, ಎಷ್ಟು ಕಾಯಿಸಬೇಕೆಂಬುದು ಗೊತ್ತಾಗುವುದಿಲ್ಲ. ಅಲ್ಯೂಮಿನಿಯಂ ಕೆಂಪಗಾಗಿ ಸೂಚನೆ ಕೊಡುವ ಜಾತಿಯದಲ್ಲ, ಇದ್ದಕ್ಕಿದ್ದಂತೆ ಕರಗಿ ನೆಲಕ್ಕೆ ಬೀಳುತ್ತದೆ. ಅದಕ್ಕೆ ಲಿವರಿನ ಮೇಲೆ ಬಟ್ಟೆ ಸೋಪನ್ನು ಉಜ್ಜಿ, ಕೆಳಗಿನಿಂದ ಬೆಂಕಿ ಹಿಡಿಯಬೇಕು. ಸೋಪು ಕಾಫಿ ಪುಡಿಯ ಬಣ್ಣ ದಾಟಿ ಕಪ್ಪಗಾದ ಗಳಿಗೆಗೆ ಬೆಂಕಿ ತೆಗೆಯಬೇಕು. ಆಗ ಲಿವರ್ ಹೇಳಿದ ಹಾಗೆ ಕೇಳುತ್ತದೆ. ಹೊಸ ಲಿವರ್ ಎಲ್ಲೂ ಸಿಗದ ಹಳೇ ಬೈಕಿನವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಅಮೆರಿಕದವರು ಬಾಯಿ ಬಾಯಿ ಬಿಟ್ಟದ್ದೂ ಇದೇ ವಿಡಿಯೋ ನೋಡಿ.

ಅದನ್ನು ಕಂಡುಹಿಡಿದವನು ಮಾರಪ್ಪ. ಅವನೂ ಮುಸ್ತಕೀಮ್ ಉಸ್ತಾದರ ಶಿಷ್ಯನೇ. ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡವರು, ಒಂದೇ ಬಕೆಟ್ಟಿನಲ್ಲಿ ಕೈ ತೊಳೆದವರು. ಮಾರಪ್ಪ ಹತ್ತಾರು ಲಿವರುಗಳನ್ನು ಹಾಳು ಮಾಡಿ, ಬೈಸಿಕೊಂಡು, ಕೊನೆಗೊಮ್ಮೆ ಸೋಪು ಹಿಡಿದು ಬಂದು ತೋರಿಸಿದಾಗ ನೋಡಿದವರು ಇಬ್ಬರೇ, ಉಸ್ತಾದರು ಮತ್ತು ಖಾಜಾ ಪೀರ್. ಅದಾಗಿ ತಿಂಗಳಿಗೆ ಶಿವಮೊಗ್ಗದ ಸವಳಂಗ ರಸ್ತೆಯ ಒಂದು ಹಾಲಿನಲ್ಲಿ ಬೈಕ್ ಕಂಪನಿಯವರು ಮೆಕ್ಯಾನಿಕ್ಕುಗಳನ್ನು ಸೇರಿಸಿದ್ದರು. ನಲವತ್ತು ಜನ. ಮೇಲಿನಿಂದ ಬಂದ ಇಂಜಿನಿಯರ್ ಒಂದು ಸೊಟ್ಟ ಲಿವರ್ ಎತ್ತಿ ಹಿಡಿದು, ಇದನ್ನು ಮುರಿಯದೆ ನೆಟ್ಟಗೆ ಮಾಡುವವರು ಯಾರಿದ್ದೀರಿ ಎಂದು ಕೇಳಿದರು. ಮಾರಪ್ಪ ಹಿಂದಿನ ಸಾಲಿನಲ್ಲಿದ್ದ, ಇಂಗ್ಲಿಷ್ ಮಾತಾಡುವವರ ಎದುರು ಏಳಲು ನಾಚಿಕೆ. ಖಾಜಾ ಪೀರ್ ಎದ್ದ. ಮಾಡಿ ತೋರಿಸಿದ. ಇಂಜಿನಿಯರ್ ಬೆನ್ನು ತಟ್ಟಿ, "ಭೇಷ್, ನಿನ್ನದೇ ಐಡಿಯಾನಾ?" ಎಂದರು. ಖಾಜಾ ಪೀರ್ ಹೌದೆನ್ನಲಿಲ್ಲ. ಇಲ್ಲವೆನ್ನಲೂ ಇಲ್ಲ. ನಕ್ಕ. ಫೋಟೋ ತೆಗೆದರು. ಪೇಪರಿನಲ್ಲಿ ಬಂತು, ಗ್ಯಾರೇಜಿಗೆ ಕಂಪನಿಯ ಬೋರ್ಡ್ ಬಂತು, ದಾವಣಗೆರೆಯಿಂದ ಗಿರಾಕಿಗಳು ಬಂದರು.

ಮಾರಪ್ಪ ಕಾದ. ಒಂದು ದಿನವಲ್ಲ, ಒಂದು ತಿಂಗಳು ಕಾದ. ಆಮೇಲೆ ಇಂಜಿನ್ ಕೆಲಸವನ್ನೇ ಬಿಟ್ಟು, ಅದೇ ಬೀದಿಯಲ್ಲಿ ಸರಿಯಾಗಿ ಎದುರಿಗೆ, ತಗಡು ಬಡಿಯುವ ಟಿಂಕರಿಂಗ್ ಅಂಗಡಿ ಇಟ್ಟ. ಇದು ನಡೆದು ಮೂವತ್ತೊಂದು ವರ್ಷ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಸೊಟ್ಟ ಲಿವರ್ ಹಿಡಿದ ಗಿರಾಕಿಗಳು ಮಾರಪ್ಪನ ಕಣ್ಣೆದುರಿಗೇ ಖಾಜಾ ಪೀರನ ಗ್ಯಾರೇಜಿಗೆ ಬರುತ್ತಿದ್ದರು, ಖಾಜಾ ಪೀರ್ ರಸ್ತೆಗೆ ಬೆನ್ನು ಹಾಕಿ ಸೋಪು ಉಜ್ಜುತ್ತಿದ್ದ. ಉಸ್ತಾದರು ಏನೂ ಕೇಳಲಿಲ್ಲ. ವಯಸ್ಸಾಯಿತು, ಮರೆತಿರಬೇಕು ಎಂದು ಇವನು ಸಮಾಧಾನ ಮಾಡಿಕೊಂಡ. ಹತ್ತೊಂಬತ್ತು ವರ್ಷದ ಹಿಂದೆ ಅವರೂ ತೀರಿಕೊಂಡರು. ಆಮೇಲೆ ಆ ಗುಟ್ಟು ತನಗೂ ಮಾರಪ್ಪನಿಗೂ ಬಿಟ್ಟು ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ ಎಂದು ಅವನು ನಂಬಿದ್ದ.

ಸ್ಫೂರ್ತಿ ಎರಡು ದಿನದಲ್ಲಿ ಐದು ಸಲ ಫೋನ್ ಮಾಡಿದಳು. ಖಾಜಾ ಪೀರ್ ಆ ದಿನಗಳಲ್ಲಿ ಗಿರಾಕಿಗಳನ್ನು ಬೈದ ರೀತಿಗೆ ಇಬ್ಬರು ಗಾಡಿ ಬಿಚ್ಚಿದ್ದು ಬಿಚ್ಚಿದ ಹಾಗೇ ಎತ್ತಿಕೊಂಡು ಹೋದರು. ಹನ್ನೊಂದನೆಯದನ್ನು ತೆಗೆದೇ ಬಿಡು ಎಂದ. ಅದಕ್ಕಾಗಿಯೇ ಪುಸ್ತಕ ಕೇಳಿದ್ದು, ಅದಿಲ್ಲದಿದ್ದರೆ ಬೇಡ ಅನ್ನುತ್ತಾನೆ ಎಂದಳು. ಹಾಗಾದರೆ ಯಾರ ಹೆಸರೂ ಬೇಡ, ನಿನ್ನ ಮೊದಲಿನ ರೀತಿಯೇ ಇರಲಿ ಎಂದ. ಸ್ಫೂರ್ತಿಗೆ ನಗುವೂ ಬಂತು, ಸಿಟ್ಟೂ ಬಂತು.

"ಅವತ್ತು ಮನೆ ಹೆಂಚು ಹಾರೋ ಹಂಗೆ ಕೂಗಾಡಿದ್ರಲ್ಲ, ಕಳ್ಳತನ ಅಂತ! ಈಗೇನಾಯ್ತು? ಗೊತ್ತಾಯ್ತು ಬಿಡಿ, ಅದು ನಿಮ್ದೇ ಇರ್ಬೇಕು, ಹೇಳ್ಕೊಳ್ಳಕ್ಕೆ ಸಂಕೋಚ. ನಾನೇ ಹಾಕ್ತೀನಿ. ಕೇಳಿ, ಓದ್ತೀನಿ. ಹನ್ನೊಂದು. ಇದು ಖಾಜಾ ಪೀರ್ ಅವರ ಕೈ. ಸರಿನಾ?"

ಅವನು ಸರಿ ಎನ್ನಲು ಬಾಯಿ ತೆರೆದ. ಮೂವತ್ತೊಂದು ವರ್ಷ ಅವನು ಆ ಮಾತನ್ನು ಒಮ್ಮೆಯೂ ಹೇಳಿರಲಿಲ್ಲ, ಯಾರೂ ಹೇಳಿಸಿರಲಿಲ್ಲ. ಸುಮ್ಮನಿದ್ದರೆ ಸಾಕಾಗುತ್ತಿತ್ತು, ಜನ ತಾವೇ ತಿಳಿದುಕೊಳ್ಳುತ್ತಿದ್ದರು. ಈಗ ಯಾವನೋ ಕಾಣದ ಊರಿನ ಓದುಗನಿಗಾಗಿ ಉಸ್ತಾದರದೇ ಮಾತಿನಲ್ಲಿ ಅದನ್ನು ಅಚ್ಚು ಹಾಕಬೇಕಾಗಿ ಬಂದಿತ್ತು. ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು, ಸ್ಫೂರ್ತಿಯ ಮೇಲೆ, ಓಹಾಯೋದವನ ಮೇಲೆ, ಎದುರಿಗೆ ಟಣ್ ಟಣ್ ಎಂದು ಮಡ್‌ಗಾರ್ಡ್ ಬಡಿಯುತ್ತಿದ್ದ ಮಾರಪ್ಪನ ಮೇಲೆ.

"ತಡಿಯಮ್ಮ" ಎಂದು ಫೋನ್ ಇಟ್ಟು, ಕೈಯನ್ನೂ ಒರೆಸಿಕೊಳ್ಳದೆ ರಸ್ತೆ ದಾಟಿದ.

ಮಧ್ಯಾಹ್ನ ಹನ್ನೆರಡರ ಬಿಸಿಲು. ಮಾರಪ್ಪ ಅಂಗಡಿಯ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಪಕ್ಕದಲ್ಲಿ ಬಂಗಾರಮ್ಮನ ಟೀ ಅಂಗಡಿ, ಅಲ್ಲಿ ಬೆಂಚಿನ ಮೇಲೆ ನಾಲ್ಕೈದು ಜನ. ಖಾಜಾ ಪೀರ್ ರಸ್ತೆ ದಾಟಿದ್ದನ್ನು ನೋಡಿ ಎಲ್ಲರ ಲೋಟವೂ ನಿಂತಲ್ಲೇ ನಿಂತಿತು.

"ಲೇ ಮಾರಪ್ಪ" ಎಂದ. "ಅಮೆರಿಕದಲ್ಲಿ ನನ್ನ ಪುಸ್ತಕ ಬರ್ತಿದೆ. ಸೋಪಿನ ಕೆಲಸಕ್ಕೆ ನಿನ್ನ ಹೆಸರು ಹಾಕ್ಸಬೇಕು ಅಂತಿದೀನಿ. ಏನಂತೀಯ?"

ಉಪಕಾರ ಮಾಡಲು ಬಂದವನ ಹಾಗೆ ಕೇಳಿದ. ಅದು ಅವನಿಗೂ ಕೇಳಿಸಿತು, ಆದರೆ ಬೇರೆ ದನಿ ಅವನ ಬಳಿ ಇರಲಿಲ್ಲ.

ಮಾರಪ್ಪ ಸುತ್ತಿಗೆ ನಿಲ್ಲಿಸಲಿಲ್ಲ. ಇನ್ನೂ ನಾಲ್ಕು ಏಟು ಹಾಕಿ, ತಗಡನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಮಾತಾಡಿದ.

"ಬೇಡ."

"ಬೇಡ ಅಂದ್ರೆ?"

"ನಿನ್ನ ಪುಸ್ತಕದಲ್ಲಿ ನನ್ನ ಹೆಸರು ಬೇಡ. ಅಮೆರಿಕದೋರಿಗೆ ನಾನ್ಯಾರು, ನೀನ್ಯಾರು? ಅವರಿಗೆ ಹೇಳಕ್ಕೆ ನಿಂಗೇನು ಖರ್ಚು? ಅಲ್ಲಿ ನಿನ್ನ ಮುಖ ನೋಡೋರು ಯಾರೂ ಇಲ್ಲ. ನಂದನ್ನ ಕದ್ಕೊಂಡು ಮೆರೆದಿದ್ದು ಇಲ್ಲಿ. ಹೇಳೋದಿದ್ರೆ ಇಲ್ಲಿ ಹೇಳು. ಇಲ್ಲಾಂದ್ರೆ ನಡಿ, ನಂಗೆ ಕೆಲ್ಸ ಇದೆ."

ಖಾಜಾ ಪೀರನ ಮುಖ ಕೆಂಪೇರಿತು. ಮೂವತ್ತೊಂದು ವರ್ಷದಲ್ಲಿ ಯಾರೂ ಅವನೆದುರು ಆ ಪದ ಆಡಿರಲಿಲ್ಲ. ತಿರುಗಿ ಹೋಗಬೇಕೆಂದು ಎರಡು ಹೆಜ್ಜೆ ಇಟ್ಟ. ರಸ್ತೆಯ ನಡುವೆ ನಿಂತ. ಒಂದು ಸಾಮಾನಿನ ಆಟೋ ಹಾರ್ನ್ ಹೊಡೆಯಿತು, ಅದರ ಡ್ರೈವರನಿಗೆ "ನಿಂತ್ಕೊಳೋ!" ಎಂದು ಗದರಿದ. ಆಮೇಲೆ ಅದೇ ಗದರುವ ದನಿಯಲ್ಲಿ, ಯಾರ ಮುಖವನ್ನೂ ನೋಡದೆ, ಇಡೀ ಬೀದಿಗೆ ಕೂಗಿ ಹೇಳಿದ:

"ಕೇಳ್ರಯ್ಯಾ ಎಲ್ರೂ! ಸೋಪು ಹಚ್ಚಿ ಲಿವರ್ ನೆಟ್ಟಗೆ ಮಾಡೋದು ಮಾರಪ್ಪನ ಕೈ! ನಂದಲ್ಲ! ನಂದು ಅಂತ ನೀವೆಲ್ಲ ತಿಳ್ಕೊಂಡಿರೋದು ಸುಳ್ಳು!"

ಬೀದಿ ಬೆಚ್ಚಿಬೀಳಬಹುದು ಎಂದುಕೊಂಡಿದ್ದ. ಯಾರೂ ಬೆಚ್ಚಿಬೀಳಲಿಲ್ಲ. ಬೆಂಚಿನ ಮೇಲಿದ್ದವರು ಲೋಟದೊಳಗೆ ನೋಡಿಕೊಂಡರು. ಪಂಕ್ಚರ್ ಅಂಗಡಿಯವನು ಟ್ಯೂಬು ನೀರಿನಲ್ಲಿ ಅದ್ದಿದ್ದನ್ನು ಎತ್ತಲೂ ಇಲ್ಲ.

ಬಂಗಾರಮ್ಮ ಸ್ಟವ್ ತಗ್ಗಿಸಿದಳು. "ಗೊತ್ತಲ್ಲ ಸಾಬ್ರೇ" ಎಂದಳು.

"ಏನ್ ಗೊತ್ತು?"

"ಸೋಪು ಮಾರಣ್ಣಂದು ಅಂತ. ಎಲ್ರಿಗೂ ಗೊತ್ತು. ಮುಸ್ತಕೀಮ್ ಸಾಬ್ರು ಹೋಗೋ ವರ್ಷ ದಿನಾ ಇದೇ ಬೆಂಚಲ್ಲಿ ಕೂರ್ತಿರ್ಲಿಲ್ವಾ? ಬಂದೋರಿಗೆಲ್ಲ ಹೇಳಿದ್ರು. ಸೋಪು ಮಾರಪ್ಪನ ಕೈ, ಖಾಜಾ ಒಂದಿನ ತಾನೇ ಬಾಯಿಬಿಟ್ಟು ಹೇಳ್ತಾನೆ, ಅಲ್ಲೀವರ್ಗೂ ಯಾರೂ ಅವನನ್ನ ಕೇಳಬೇಡಿ, ಅವನೇ ಹೇಳ್ಬೇಕು ಅಂದಿದ್ರು." ಆಕೆಯ ದನಿ ಗಡುಸಾಯಿತು. "ಆ ಮುದುಕ್ರ ಮಾತಿಗೆ ನಾವು ಹತ್ತೊಂಬತ್ತು ವರ್ಷ ಬಾಯಿ ಹೊಲ್ಕೊಂಡು ಕೂತ್ವಿ. ನಿಮ್ಗೆ ಇಷ್ಟು ದಿನ ಬೇಕಾಯ್ತಾ?"

ಖಾಜಾ ಪೀರ್ ರಸ್ತೆಯಲ್ಲೇ ನಿಂತಿದ್ದ. ಇಷ್ಟು ವರ್ಷ "ಉಸ್ತಾದ್" ಎಂದು ಕರೆದವರು, ತಲೆಯಾಡಿಸಿದವರು, ತಾನು ಹೆಸರಿನ ಯುದ್ಧ ಮಾಡಿದ ಕಥೆಯನ್ನು ಮೊನ್ನೆ ಸುಮ್ಮನೆ ಕೇಳಿಸಿಕೊಂಡವರು, ಒಬ್ಬೊಬ್ಬರೂ ಗೊತ್ತಿದ್ದೇ ತನ್ನ ಮುಖ ನೋಡಿದ್ದರು. ಸತ್ತ ಮೇಲೆ ಮುಖ ತೋರಿಸಬೇಕು ಎಂದು ವಿದ್ಯಾನಗರದಲ್ಲಿ ಕಿರುಚಿದ್ದನಲ್ಲ, ಆ ಉಸ್ತಾದರು ಬದುಕಿರುವಾಗಲೇ ಎಲ್ಲವನ್ನೂ ನೋಡಿ ಮುಗಿಸಿದ್ದರು. ತಾನು ಮೋಸ ಮಾಡಲು ಸಾಧ್ಯವಿದ್ದದ್ದು ಅಮೆರಿಕದವರಿಗೆ ಮಾತ್ರ. ಕೊನೆಗೆ ಬೆಂಚಿನ ಕಡೆ ಬಂದ. ಜನ ಸರಿದು ಜಾಗ ಕೊಟ್ಟರು.

ಮಾರಪ್ಪ ಎದ್ದು ಬರಲಿಲ್ಲ. ಇನ್ನೊಂದು ತಗಡು ತೆಗೆದುಕೊಂಡು ಬಡಿಯಲು ಶುರು ಮಾಡಿದ. ಸ್ವಲ್ಪ ಹೊತ್ತಿನ ಮೇಲೆ, ತಲೆ ಎತ್ತದೆ, "ಈಗ ಬೇಕಾದ್ರೆ ಹಾಕ್ಕೋ" ಎಂದ.

ಖಾಜಾ ಪೀರ್ ಅಲ್ಲೇ ಕೂತು ಸ್ಫೂರ್ತಿಗೆ ಫೋನ್ ಮಾಡಿದ.

"ಬರ್ಕೋಮ್ಮ. ಹನ್ನೊಂದು. ಇದು ಮಾರಪ್ಪನ ಕೈ. ಮಾರಪ್ಪ ಭದ್ರಾವತಿಯವನು, ಬದುಕಿದಾನೆ, ಟಿಂಕರಿಂಗ್ ಮಾಡ್ತಾನೆ. ಮೂವತ್ತೊಂದು ವರ್ಷ ಇದನ್ನ ನಾನು ನಂದು ಅಂತ ನಡೆಸ್ಕೊಂಡು ಬಂದೆ. ಅದು ಕಳ್ಳತನ."

ಆ ಕಡೆ ಕೀಲಿಗಳ ಟಕಟಕ ನಿಂತಿತು. ಸ್ಫೂರ್ತಿ ಮೆಲ್ಲಗೆ, "ಸಾಬ್ರೇ, ಕೊನೇ ಎರಡು ಸಾಲು ಬೇಡ" ಎಂದಳು. "ಅಲ್ಲಿ ಹಿಂಗೆ ಬರೆಯಲ್ಲ. ಇದನ್ನ ಓದಿದ್ರೆ ಪುಸ್ತಕ ಬರೆದೋನನ್ನೇ ನಂಬಲ್ಲ ಅವರು. ಮಾರಪ್ಪ ಅವರಿಗೆ ಕೃತಜ್ಞತೆಗಳು ಅಂತ ಚೆನ್ನಾಗಿ ಹಾಕೋಣ. ಅವರಿಗೆ ಹಿಡಿಸುತ್ತೆ."

"ಅವರಿಗೆ ಹಿಡಿಸೋ ಹಂಗೆ ಮಿಕ್ಕಿದ್ದೆಲ್ಲ ತಿದ್ಕೋ. ನಾನು ಬಾಯಿ ಹಾಕಲ್ಲ. ಇದನ್ನ ಮುಟ್ಟಬೇಡ."

"ಕಳ್ಳತನ ಅಂತಾನೇ ಹಾಕ್ಲಾ?"

"ಅದನ್ನೇ ಹಾಕು."

ಸ್ಫೂರ್ತಿ ನಿಟ್ಟುಸಿರು ಬಿಟ್ಟಳು. "ಸರಿ. ಟೈಪ್ ಮಾಡ್ತೀನಿ, ಇನ್ನೊಂದು ಸಲ ಹೇಳಿ" ಎಂದಳು.

ಎದುರಿನ ಬಾಗಿಲಲ್ಲಿ ಸುತ್ತಿಗೆಯ ಸದ್ದು ನಿಂತಿತ್ತು. ಖಾಜಾ ಪೀರ್ ಇನ್ನೊಂದು ಸಲ, ಮೊದಲಿಗಿಂತ ಗಟ್ಟಿಯಾಗಿ ಹೇಳಿದ.